ಗೂಂ ಅನ್ನೋ ಸೌಂಡು: ಟೈರಾ, ಬೇರಿಂಗಾ?

ಪ್ರಶ್ನೆ: ಸಾರ್, ನಮ್ದು ಹಳೇ ಪೆಟ್ರೋಲ್ ಕಾರು, 60 ಸಾವಿರ ಕಿಲೋಮೀಟರ್ ದಾಟಿದೆ. ಮಳೆಗಾಲ ಮುಗಿದ್ಮೇಲೆ 50ರ ಸ್ಪೀಡ್ ದಾಟಿದ್ರೆ ಮುಂದಿನ ಚಕ್ರದ ಕಡೆಯಿಂದ ಗೂಂ ಅಂತ ಸೌಂಡು ಶುರುವಾಗುತ್ತೆ, 80ಕ್ಕೆ ಹೋದ್ರಂತೂ ಒಳಗೆ ಮಾತಾಡಿದ್ದೇ ಕೇಳಲ್ಲ. ಒಂದು ಗ್ಯಾರೇಜಲ್ಲಿ ನಾಲ್ಕೂ ಟೈರ್ ಚೇಂಜ್ ಮಾಡಿಸಿ ಅಂದ್ರು, ಇನ್ನೊಬ್ಬ ಮೆಕ್ಯಾನಿಕ್ ಬೇರಿಂಗ್ ಅಂತಾರೆ, ನಮ್ಮ ಭಾವ ಗೇರ್‌ಬಾಕ್ಸ್ ಅಂತಾರೆ. ಗೇರುಸೊಪ್ಪ ಘಾಟಿ ಇಳಿದು ಹೊನ್ನಾವರಕ್ಕೆ ಆಗಾಗ ಹೋಗ್ಬೇಕು, ಮಕ್ಕಳನ್ನ ಕೂರಿಸ್ಕೊಂಡು ಹೋಗೋಕೆ ಭಯ ಆಗ್ತಿದೆ. ಏನು ಮಾಡ್ಲಿ?
– ಓದುಗರು, ಸಾಗರ

ಉತ್ತರ: ಮೊದ್ಲು ದುಡ್ಡು ಬಿಚ್ಬೇಡಿ. ನಾಲ್ಕು ಟೈರ್ ಹಾಕಿಸಿದ್ಮೇಲೂ ಅದೇ ಸೌಂಡು ಬಂದು ಆಮೇಲೆ ಬೇರಿಂಗ್ (ಚಕ್ರ ಸರಾಗವಾಗಿ ತಿರುಗೋಕೆ ನಡುವೆ ಇರೋ ಗುಂಡುಗಳ ಬಳೆ) ಬದಲಾಯಿಸಿದವ್ರು ಬೇಕಾದಷ್ಟು ಜನ ಇದ್ದಾರೆ. ಸೌಂಡು ಎಲ್ಲಿಂದ ಅನ್ನೋದಕ್ಕಿಂತ ಯಾವಾಗ ಬರುತ್ತೆ, ಯಾವಾಗ ಬದಲಾಗುತ್ತೆ ಅಂತ ಗಮನಿಸಿ, ಅದ್ರಲ್ಲೇ ಮುಕ್ಕಾಲು ಉತ್ತರ ಸಿಗುತ್ತೆ.

ಭಾವ ಹೇಳಿದ್ದನ್ನೇ ಮೊದ್ಲು ನೋಡೋಣ. ಖಾಲಿ ಇರೋ, ನೇರವಾದ ಸಮತಟ್ಟು ರೋಡಲ್ಲಿ 60ಕ್ಕೆ ಹೋಗಿ ಆಕ್ಸಿಲರೇಟರ್ ಬಿಟ್ಟು ಗೇರ್ ನ್ಯೂಟ್ರಲ್‌ಗೆ ತನ್ನಿ. ಇಂಜಿನ್ ಆಫ್ ಮಾಡ್ಬೇಡಿ, ಘಾಟಿ ಇಳಿಯುವಾಗಂತೂ ಈ ಪರೀಕ್ಷೆ ಬೇಡ್ವೇ ಬೇಡ. ಇಂಜಿನ್ ಸೌಂಡು ಇಳಿದ್ರೂ ಗೂಂ ಹಾಗೇ ಇದ್ದು, ಕಾರು ನಿಧಾನ ಆದಂತೆ ಇಳಿತಾ ಬಂದ್ರೆ ಇಂಜಿನ್ನು, ಕ್ಲಚ್ಚು ಎರಡೂ ಲೆಕ್ಕದಿಂದ ಹೊರಗೆ. ಗೇರ್‌ಬಾಕ್ಸ್ ಒಳಗಿನ ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಶಕ್ತಿ ಹಂಚೋ ಗೇರ್ ಸೆಟ್) ಮಾತ್ರ ನ್ಯೂಟ್ರಲ್‌ನಲ್ಲೂ ತಿರುಗ್ತಾನೇ ಇರುತ್ತೆ, ಹಾಗಾಗಿ ಭಾವನ ಮಾತನ್ನ ಪೂರ್ತಿ ತಳ್ಳಿಹಾಕೋಕಾಗಲ್ಲ, ಆದ್ರೆ ಆ ಸೌಂಡು ಸಾಮಾನ್ಯವಾಗಿ ಆಕ್ಸಿಲರೇಟರ್ ಒತ್ತಿದಾಗ ಒಂಥರ, ಬಿಟ್ಟಾಗ ಒಂಥರ ಕೇಳುತ್ತೆ.

ಈಗ ಟೈರಾ ಬೇರಿಂಗಾ ಅನ್ನೋದು. ಟೈರ್ ಸೌಂಡು ರೋಡ್ ನೋಡ್ಕೊಂಡು ಬದಲಾಗುತ್ತೆ, ಹೊಸ ಡಾಂಬರಿನ ಮೇಲೆ ಕಡಿಮೆ, ಕಾಂಕ್ರೀಟ್ ರೋಡಿಗೆ ಬಂದ ತಕ್ಷಣ ಬೇರೆ ಥರ. ಬೇರಿಂಗಿಗೆ ಅದೆಲ್ಲ ಲೆಕ್ಕಕ್ಕಿಲ್ಲ, ಯಾವ ರೋಡಾದ್ರೂ ಒಂದೇ ರಾಗ. ಆಮೇಲೆ ಟೈರ್ ಮೇಲೆ ಅಂಗೈ ಇಟ್ಟು ಮುಂದಕ್ಕೊಮ್ಮೆ, ಹಿಂದಕ್ಕೊಮ್ಮೆ, ಅಡ್ಡಡ್ಡ ಒಮ್ಮೆ ಸವರಿ. ಒಂದು ಕಡೆಗೆ ನುಣ್ಣಗೆ ಹೋಗಿ ವಾಪಸ್ ಬರುವಾಗ ಗರಗಸದ ಹಲ್ಲಿನ ಥರ ಕೈಗೆ ತಡೆದ್ರೆ ಟೈರ್ ಏರುಪೇರಾಗಿ ತಿಂದಿದೆ ಅಂತ. ಪಕ್ಕಾ ಆಗ್ಬೇಕಂದ್ರೆ ಟೈರ್ ಅಂಗಡೀಲಿ ಮುಂದಿನ ಟೈರುಗಳನ್ನ ಅದೇ ಸೈಡಿನ ಹಿಂದಕ್ಕೆ, ಹಿಂದಿನವನ್ನ ಮುಂದಕ್ಕೆ ಹಾಕಿಸಿ ಓಡಿಸಿ ನೋಡಿ, ಸೌಂಡು ಹಿಂದಕ್ಕೆ ಹೋದ್ರೆ ಟೈರೇ. ಹೊಸ ಟೈರ್ ರೇಟಿನ ಮುಂದೆ ಇದು ಏನೂ ಅಲ್ಲ.

ಬೇರಿಂಗ್ ಅಂತಾದ್ರೆ ಯಾವ ಸೈಡು? ಅಗಲವಾದ ಹೈವೇಲಿ ದೊಡ್ಡ ತಿರುವು ಬಂದಾಗ ಕಿವಿ ಕೊಡಿ. ಬಲಕ್ಕೆ ತಿರುಗಿದಾಗ ಭಾರ ಎಡಗಡೆ ಚಕ್ರದ ಮೇಲೆ ಬೀಳುತ್ತೆ, ಆಗ ಸೌಂಡು ಜೋರಾದ್ರೆ ಎಡಗಡೆ ಬೇರಿಂಗ್ ಮೇಲೆ ಅನುಮಾನ, ಎಡಕ್ಕೆ ತಿರುಗಿದಾಗ ಜೋರಾದ್ರೆ ಬಲಗಡೇದು. ನೂರಕ್ಕೆ ನೂರು ಅಲ್ಲ, ಕೆಲವು ಸಲ ಉಲ್ಟಾನೂ ಆಗುತ್ತೆ, ಅದಕ್ಕೇ ಚಕ್ರ ಎತ್ತಿ ನೋಡ್ಲೇಬೇಕು.

ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಮುಂದಿನ ಒಂದು ಚಕ್ರ ಜಾಕ್ ಕೊಟ್ಟು ಎತ್ತಿ, ಕಾರಿನ ಕೆಳಗೆ ಮಾತ್ರ ಯಾರೂ ಹೋಗ್ಬಾರ್ದು. ಗಡಿಯಾರದ 12 ಮತ್ತು 6ರ ಜಾಗದಲ್ಲಿ ಟೈರ್ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಕಟ್ ಕಟ್ ಅಂತ ಪ್ಲೇ, ಅಂದ್ರೆ ಸಡಿಲ, ಸಿಕ್ಕಿದ್ರೆ ಒಳಗೆ ಒಬ್ರನ್ನ ಕೂರಿಸಿ ಬ್ರೇಕ್ ಒತ್ತೋಕೆ ಹೇಳಿ ಮತ್ತೆ ಅಲ್ಲಾಡಿಸಿ: ಬ್ರೇಕ್ ಒತ್ತಿದಾಗ ಪ್ಲೇ ಮಾಯ ಆದ್ರೆ ಬೇರಿಂಗ್, ಹಾಗೇ ಉಳಿದ್ರೆ ಬಾಲ್ ಜಾಯಿಂಟೋ ಸಸ್ಪೆನ್ಷನ್ನೋ ನೋಡಿಸ್ಬೇಕು. ಪ್ಲೇ ಇಲ್ಲ ಅಂದಾಕ್ಷಣ ಬೇರಿಂಗ್ ಚೆನ್ನಾಗಿದೆ ಅಂತ ಅಲ್ಲ. ಗೂಂ ಶುರುವಾಗಿ ಎಷ್ಟೋ ಕಾಲ ಆದ್ಮೇಲೆ ಪ್ಲೇ ಬರೋದು. ಅದಕ್ಕೇ ಒಂದು ಕೈಯನ್ನ ಸಸ್ಪೆನ್ಷನ್ ಸ್ಪ್ರಿಂಗ್ ಮೇಲಿಟ್ಟು ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ. ಬೇರಿಂಗ್ ಹೋಗಿದ್ರೆ ಒಳಗೆ ಮರಳು ಸಿಕ್ಕಿದ ಹಾಗೆ ಗರಗರ ಅನ್ನೋದು ಸ್ಪ್ರಿಂಗಲ್ಲಿ ಕೈಗೆ ಗೊತ್ತಾಗುತ್ತೆ, ಇನ್ನೊಂದು ಸೈಡೂ ಹೀಗೇ ಮಾಡಿ ಹೋಲಿಸಿ.

ಮಳೆಗಾಲ ಮುಗಿದ್ಮೇಲೆ ಅಂದ್ರಲ್ಲ, ನನ್ನ ಅನುಮಾನ ಬೇರಿಂಗ್ ಕಡೆಗೇ ಜಾಸ್ತಿ. ಓಡಿ ಬಿಸಿಯಾದ ಹಬ್ (ಬೇರಿಂಗ್ ಕೂರೋ ಚಕ್ರದ ನಡುಭಾಗ) ನೀರು ನಿಂತ ರೋಡಲ್ಲಿ ಮುಳುಗಿದ್ರೆ ತಟ್ಟನೆ ತಣ್ಣಗಾಗಿ ಸವೆದ ಸೀಲ್ ಮೂಲಕ ನೀರು ಎಳ್ಕೊಳ್ಳುತ್ತೆ, ಗ್ರೀಸ್ ಕೆಡುತ್ತೆ, ಗುಂಡು ಓಡೋ ದಾರೀಲಿ ತುಕ್ಕು ಹಿಡಿದು ಗುಳಿ ಬೀಳುತ್ತೆ. ಸೀಲ್ಡ್ ಬೇರಿಂಗಿಗೆ ಗ್ರೀಸ್ ತುಂಬಿ ರಿಪೇರಿ ಮಾಡ್ತೀವಿ ಅಂದ್ರೆ ಒಪ್ಬೇಡಿ, ಬದಲಾಯಿಸ್ಲೇಬೇಕು. ಕೆಟ್ಟಿರೋ ಸೈಡ್ ಒಂದೇ ಸಾಕು, ಎರಡೂ ಸೈಡ್ ಬೇಕಿಲ್ಲ. ಆದ್ರೆ ಪ್ರೆಸ್ ಮೆಷಿನ್ ಇರೋ ಗ್ಯಾರೇಜಿಗೇ ಕೊಡಿ, ಸುತ್ತಿಗೇಲಿ ಹೊಡೆದು ಕೂರಿಸಿದ ಹೊಸ ಬೇರಿಂಗ್ ಬೇಗ ಹೋಗುತ್ತೆ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ವ್ಯವಸ್ಥೆ) ಇರೋ ಎಷ್ಟೋ ಕಾರುಗಳಲ್ಲಿ ಬೇರಿಂಗಿನ ಒಂದು ಮುಖದಲ್ಲಿ ಮ್ಯಾಗ್ನೆಟ್ ರಿಂಗ್ ಇರುತ್ತೆ, ಅದು ಸೆನ್ಸರ್ ಕಡೆಗೇ ಬರ್ಬೇಕು, ತಿರುವುಮುರುವು ಆದ್ರೆ ಎಬಿಎಸ್ ಲೈಟ್ ಉರಿಯುತ್ತೆ. ಹಳೇ ಬೇರಿಂಗ್ ಕೇಳಿ ಇಸ್ಕೊಂಡು ಬೆರಳಲ್ಲಿ ತಿರುಗಿಸಿ ನೋಡಿ, ಆಮೇಲೆ ವೀಲ್ ಅಲೈನ್‌ಮೆಂಟ್ ಚೆಕ್ ಮಾಡಿಸಿ.

ಇದು ಮುಗಿಯೋವರೆಗೂ ಮಕ್ಕಳನ್ನ ಕರ್ಕೊಂಡು ಘಾಟಿ ಇಳಿಬೇಡಿ, ನಿಮ್ಮ ಭಯ ಸರಿಯಾಗೇ ಇದೆ. ಗೂಂ ಹೋಗಿ ಕರಕರ ಆದ್ರೆ, ಸ್ಟೀರಿಂಗ್ ಓಲಾಡಿದ್ರೆ, ಒಂದೇ ಚಕ್ರದ ಹತ್ರ ಸುಟ್ಟ ವಾಸನೆ ಬಂದ್ರೆ ಅಲ್ಲೇ ನಿಲ್ಲಿಸಿ ಟೋಯಿಂಗ್ ಗಾಡಿ ಕರೆಸಿ.

ಪ್ರಶ್ನೆ: ಎಸ್ಟೇಟಿನ ಜಲ್ಲಿ ರೋಡಿಂದ ಬಂದ್ಮೇಲೆ ಒಂದು ಚಕ್ರದಲ್ಲಿ ತಗಡು ಕೆರೆದ ಹಾಗೆ ಭಯಂಕರ ಸೌಂಡು. ಬ್ರೇಕ್ ಚೆನ್ನಾಗೇ ಹಿಡಿಯುತ್ತೆ.
– ಓದುಗರು, ಮೂಡಿಗೆರೆ

ಉತ್ತರ: ಬಹುಶಃ ಬ್ರೇಕ್ ಡಿಸ್ಕಿಗೂ ಅದ್ರ ಹಿಂದಿನ ತಗಡಿಗೂ ನಡುವೆ ಸಣ್ಣ ಕಲ್ಲು ಸಿಕ್ಕಿದೆ. ಖಾಲಿ ಜಾಗದಲ್ಲಿ ನಿಧಾನಕ್ಕೆ ರಿವರ್ಸ್ ತಗೊಂಡು ಮತ್ತೆ ಮುಂದಕ್ಕೆ ಬನ್ನಿ, ಎಷ್ಟೋ ಸಲ ಬಿದ್ದುಹೋಗುತ್ತೆ. ಬೀಳದಿದ್ರೆ ಡಿಸ್ಕ್ ಆರಿದ್ಮೇಲೆ ಚಕ್ರ ಬಿಚ್ಚಿಸಿ ತಗಡನ್ನ ಡಿಸ್ಕಿಂದ ಸ್ವಲ್ಪ ದೂರಕ್ಕೆ ಬಗ್ಗಿಸಿದ್ರೆ ಸಾಕು. ಬಿಚ್ಚಿದಾಗಲೇ ಬ್ರೇಕ್ ಪ್ಯಾಡ್ ನೋಡಿಸಿ, ಬ್ರೇಕ್ ಹಿಡಿಯುತ್ತೆ ಅಂತ ಪ್ಯಾಡ್ ಇದೆ ಅನ್ಕೋಬೇಡಿ, 3 ಮಿಲಿಮೀಟರ್ ಹತ್ರ ಬಂದಿದ್ರೆ ಬದಲಾಯಿಸಿ.

ಪ್ರಶ್ನೆ: ಸ್ಟೀರಿಂಗ್ ಪೂರ್ತಿ ತಿರುಗಿಸಿ ಯೂ ಟರ್ನ್ ತಗೊಂಡ್ರೆ ಟಕ ಟಕ ಅನ್ನುತ್ತೆ, ನೇರ ಹೋದ್ರೆ ಏನಿಲ್ಲ.
– ಓದುಗರು, ಮೈಸೂರು

ಉತ್ತರ: ಅದು ಆಕ್ಸಲಿನ ಸಿವಿ ಜಾಯಿಂಟ್, ಅಂದ್ರೆ ಚಕ್ರ ತಿರುಗಿಸಿದಾಗಲೂ ಅದಕ್ಕೆ ಶಕ್ತಿ ಮುಟ್ಟಿಸೋ ಕೀಲು. ಸ್ಟೀರಿಂಗ್ ತಿರುಗಿಸಿಟ್ಟು ಚಕ್ರದ ಹಿಂದೆ ಟಾರ್ಚ್ ಬಿಟ್ಟು ನೋಡಿ, ಆ ಕೀಲನ್ನ ಮುಚ್ಚಿರೋ ರಬ್ಬರ್ ಬೂಟ್ ಹರಿದು ರಿಮ್ಮಿನ ಒಳಗೆಲ್ಲ ಕರೀ ಗ್ರೀಸ್ ಸಿಡಿದಿರುತ್ತೆ. ಸೌಂಡು ಶುರುವಾಗೋ ಮುಂಚೆ ಕಂಡಿದ್ರೆ ಬೂಟು, ಗ್ರೀಸಲ್ಲೇ ಮುಗೀತಿತ್ತು, ಈಗ ಜಾಯಿಂಟನ್ನೇ ಹಾಕಿಸ್ಬೇಕು. ಇನ್ನೊಂದು ಸೈಡಿನ ಬೂಟನ್ನ ಇವತ್ತೇ ನೋಡಿ, ಬಿರುಕು ಬಿಟ್ಟಿದ್ರೆ ಅದನ್ನಾದ್ರೂ ಉಳಿಸ್ಕೊಬಹುದು.