ಸಣ್ಣ ವರ್ಕ್‌ಶಾಪ್‌ನಲ್ಲಿ ಲೆಕ್ಕಕ್ಕೆ ಒಬ್ಬರೇ ಇದ್ದಾಗ ಬಾಕಿ ಬಿಲ್ ವಸೂಲಿ ಮಾಡುವುದು ಹೇಗೆ?

ಎಲ್ಲ ಗಿರಾಕಿಗಳ ಹಿಂದೆ ಬೀಳಬೇಡಿ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಬಾಕಿ ಪಟ್ಟಿ ತೆಗೆದು, 45 ದಿನ ದಾಟಿದ ದೊಡ್ಡ ಮೊತ್ತದ ನಾಲ್ಕೈದು ಬಿಲ್‌ಗಳನ್ನು ಮೊದಲು ಹಿಡಿಯಿರಿ.

ಫೋನ್ ಮಾಡಬೇಕಾದ್ದು ಖರೀದಿ ವಿಭಾಗಕ್ಕಲ್ಲ, ಅಕೌಂಟ್ಸ್‌ಗೆ. "ದುಡ್ಡು ಯಾವಾಗ?" ಅಂತ ಕೇಳಿದರೆ "ಮುಂದಿನ ವಾರ" ಅಂತಾರೆ ಅಷ್ಟೇ. "ಈ ನಂಬರಿನ ಬಿಲ್ ಪಾಸ್ ಆಗಿದೆಯಾ? ಇಲ್ಲದಿದ್ದರೆ ಏನು ಅಡ್ಡಿ?" ಅಂತ ಕೇಳಿ. ಎಷ್ಟೋ ಸಲ ಪಿಒ (ಅವರು ಕೊಟ್ಟ ಖರೀದಿ ಆದೇಶ) ನಂಬರ್ ತಪ್ಪಿರುತ್ತದೆ, ಇಲ್ಲವೇ ಸರಕಿನ ಜೊತೆ ಕಳಿಸಿದ ಚಲನ್ ಮೇಲೆ ಅವರ ಸ್ಟೋರ್ ಸೀಲು ಇರುವುದಿಲ್ಲ. ಬಿಲ್ ಅಲ್ಲೇ ಕೊಳೆಯುತ್ತದೆ, ಯಾರೂ ತಿಳಿಸುವುದಿಲ್ಲ. ಮಾತಾಡಿದ್ದನ್ನು ಅಂದೇ ಇಮೇಲ್‌ನಲ್ಲಿ ಹಾಕಿ.

ವರ್ಷಕ್ಕೊಮ್ಮೆ ಬಾಕಿ ಒಪ್ಪಿಗೆ ಪತ್ರಕ್ಕೆ ಗಿರಾಕಿಯ ಸಹಿ ಹಾಕಿಸಿಕೊಳ್ಳುವುದನ್ನು ಮರೆಯಲೇಬೇಡಿ. ದಾವೆಗೆ ಇರುವ 3 ವರ್ಷದ ಗಡುವು, ಅದು ಮುಗಿಯುವ ಮೊದಲೇ ಸಹಿ ಬಿದ್ದರೆ, ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ.

ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಇರುವ ಕಿರು ಅಥವಾ ಸಣ್ಣ ಘಟಕವಾದರೆ ನಿಮ್ಮ ಕೈ ಗಟ್ಟಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ, ಇದ್ದರೂ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಲೆಕ್ಕದ ಚಕ್ರಬಡ್ಡಿ. ಈ ಸಾಲನ್ನು ಬಿಲ್ ಮೇಲೆಯೇ ಅಚ್ಚು ಹಾಕಿಸಿ. ಸರಕು ಕೊಡುವ ಮೊದಲೇ ನೋಂದಣಿ ಆಗಿರಬೇಕು. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಈ ರಕ್ಷಣೆ ಸಿಗುವುದಿಲ್ಲ.

ಅಷ್ಟಕ್ಕೂ ಬಗ್ಗದಿದ್ದರೆ ಬಾಕಿ ದೂರಿಗೆಂದೇ ಇರುವ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ಪಿಒ, ಬಿಲ್, ಚಲನ್ ಸೇರಿಸಿ ದೂರು ಹಾಕಿ.