‘ಹಳೇ ಕೇಸು ಬರೀಬೇಕಾ?’ ಅಂತ ಕೇಳುವವರಿಗೆ

ಫ್ರೀಮೇಸನ್ ಲಾಡ್ಜ್ (ತಂಗುವ ಲಾಡ್ಜ್ ಅಲ್ಲ, ಆ ಸಂಘದ ಸ್ಥಳೀಯ ಶಾಖೆ) ಆಗಲಿ, ಆಡ್ ಫೆಲೋಸ್ ಆಗಲಿ, ಇಂಥ ಸೋದರ ಸಂಘಗಳಿಗೆ ಅರ್ಜಿ ಹಾಕುವವರ ಹಿನ್ನೆಲೆ ನೋಡುವ ಸಮಿತಿಯಲ್ಲಿ ನಾನು ವರ್ಷಗಟ್ಟಲೆ ಕೂತವನು. ಬರುವ ಪತ್ರಗಳಲ್ಲಿ ಅರ್ಧಕ್ಕೂ ಜಾಸ್ತಿ ಒಂದೇ ಪ್ರಶ್ನೆ. ಈ ಸಲ ಅಂಕಣದ ಹೆಚ್ಚಿನ ಜಾಗವನ್ನು ಅದಕ್ಕೇ ಕೊಡ್ತೀನಿ. ದಯವಿಟ್ಟು ಮತ್ತೆ ಕೇಳಬೇಡಿ.

ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಂದು ಹೊಡೆದಾಟದ ಕೇಸಾಗಿ ದಂಡ ಕಟ್ಟಿದ್ದೆ. ಈಗ ನಲವತ್ತೈದು. ಅರ್ಜಿಯಲ್ಲಿ ಬರೆಯಬೇಕಾ? ಬರೆಯದಿದ್ದರೆ ಗೊತ್ತಾಗುತ್ತಾ?

ಇದು ಎರಡು ಪ್ರಶ್ನೆ. ನನಗೆ ಸಿಟ್ಟು ಬರುವುದು ಎರಡನೆಯದಕ್ಕೆ.

ಮೊದಲನೆಯದಕ್ಕೆ ಉತ್ತರ: ಫಾರಂನಲ್ಲಿ ಏನು ಕೇಳಿದ್ದಾರೋ ಅದನ್ನು ಸರಿಯಾಗಿ ಓದಿ. ‘ಶಿಕ್ಷೆಯಾಗಿದೆಯೇ’ ಅನ್ನುವುದು ಬೇರೆ, ‘ಕೇಸು ದಾಖಲಾಗಿದೆಯೇ’ ಅನ್ನುವುದು ಬೇರೆ. ಖುಲಾಸೆಯಾದವರು ಮೊದಲನೆಯದಕ್ಕೆ ನಿಶ್ಚಿಂತೆಯಿಂದ ‘ಇಲ್ಲ’ ಅನ್ನಬಹುದು, ಎರಡನೆಯದಕ್ಕೆ ಅನ್ನುವ ಹಾಗಿಲ್ಲ. ನಿಮ್ಮದು ದಂಡ ಕಟ್ಟಿದ ಕೇಸು. ಕೋರ್ಟು ದಂಡ ಹಾಕಿದ್ದರೆ ಅದೂ ಶಿಕ್ಷೆಯೇ. ಜೈಲಿಗೆ ಹೋಗಿಲ್ಲ ಅಂದ ಮಾತ್ರಕ್ಕೆ ಶಿಕ್ಷೆ ಆಗಿಲ್ಲ ಅಂದುಕೊಳ್ಳುವವರು ಎಷ್ಟೋ ಜನ. ಹಳೇ ಶಿಕ್ಷೆಯ ವಿಷಯದಲ್ಲಿ ದೇಶದಿಂದ ದೇಶಕ್ಕೆ ಕಾನೂನು ಬೇರೆ. ಬ್ರಿಟನ್ನಿನ 1974ರ ಕಾಯ್ದೆಯ ಪ್ರಕಾರ, ಗೊತ್ತುಪಡಿಸಿದ ಕಾಲ ಕಳೆದ ಮೇಲೆ ಎಷ್ಟೋ ಶಿಕ್ಷೆಗಳನ್ನು ಸಾಮಾನ್ಯವಾಗಿ ಹೇಳಿಕೊಳ್ಳಬೇಕಿಲ್ಲ. ನಿಮ್ಮಲ್ಲಿ ಹೇಗೆ ಅಂತ ವಕೀಲರನ್ನು ಕೇಳಿ, ಸ್ನೇಹಿತರನ್ನಲ್ಲ. ಅಂಥ ವಿನಾಯಿತಿ ಇಲ್ಲ ಅಂತಾದರೆ ಬರೆಯಿರಿ. ಎರಡು ಸಾಲು ಸಾಕು: ಯಾವ ವರ್ಷ, ಏನಾಯಿತು, ಹೇಗೆ ಮುಗಿಯಿತು. ಸಮರ್ಥನೆ ಬೇಡ. ಎದುರಿನವನು ಎಂಥ ಕೆಟ್ಟವನಾಗಿದ್ದ ಅಂತ ಒಂದು ಪುಟ ಬರೆದವರನ್ನೂ ನೋಡಿದ್ದೀನಿ. ಓದಿದ ಮೇಲೆ ನಮಗೆ ಎದುರಿನವನ ಮೇಲೇ ಕನಿಕರ ಬಂದಿತ್ತು.

ಇನ್ನು ‘ಗೊತ್ತಾಗುತ್ತಾ’ ಅನ್ನುವುದು. ಒಬ್ಬರ ಅರ್ಜಿ ನೆನಪಿದೆ. ನೀಲಿ ಇಂಕು, ಮುದ್ದಾದ ಅಕ್ಷರ, ಒಂದು ಕಾಲಂ ಖಾಲಿ ಇಲ್ಲ. ಶಿಕ್ಷೆಯ ಕಾಲಂನಲ್ಲಿ ಮಾತ್ರ ಒಂದು ಸಣ್ಣ ಗೀಟು. ‘ಇಲ್ಲ’ ಅಂತಲೂ ಅಲ್ಲ, ಬರೀ ಗೀಟು. ಪದ್ಧತಿಯಂತೆ ನಾವು ಮೂವರು ಅವರ ಮನೆಗೆ ಹೋದೆವು. ಆ ಗೀಟಿನ ಮೇಲೆ ಬೆರಳಿಟ್ಟು ‘ಇದೇನು ಸಾರ್?’ ಅಂದೆ. ಅವರು ಸುಮ್ಮನಿದ್ದರು. ನೀರಿನ ಲೋಟ ಇಡುತ್ತಿದ್ದ ಅವರ ಹೆಂಡತಿಯೇ, ‘ಅದೇ ರೀ, ಆ ಕುಡಿದು ಗಾಡಿ ಓಡಿಸಿದ ಕೇಸು, ಹೇಳಿಬಿಡಿ’ ಅಂದರು. ಹದಿನೈದು ವರ್ಷ ಹಿಂದಿನದು. ಬರೆದಿದ್ದರೆ ಎರಡು ನಿಮಿಷದ ಮಾತು. ಅರ್ಜಿ ವಾಪಸಾಯಿತು. ಮತ್ತೆ ಹಾಕಲು ಒಂದು ವರ್ಷ ಕಾಯಬೇಕಾಯಿತು, ಆ ಒಂದು ಗೀಟಿಗೆ.

ಅರ್ಜಿದಾರರ ಹಿನ್ನೆಲೆ ಹುಡುಕಿ ಕೊಡುವ ವೆರಿಫಿಕೇಶನ್ ವರದಿಯನ್ನು ನಾನು ದೇವರ ವಾಕ್ಯ ಅಂತ ನಂಬುವವನಲ್ಲ. ಹೆಸರು ಮತ್ತು ಹುಟ್ಟಿದ ದಿನ ಹಾಕಿ ಹುಡುಕುವ ವರದಿಗಳೇ ಹೆಚ್ಚು. ಅದರಲ್ಲಿ ನಿಮ್ಮದೇ ಹೆಸರಿನ ಇನ್ನೊಬ್ಬನ ಕಳ್ಳತನ ನಿಮ್ಮ ತಲೆಗೆ ಬಂದು ಕೂರಬಹುದು. ಬೆರಳಚ್ಚು ಹೊಂದಿಸಿ ನೋಡಿದರೆ ಈ ಗೊಂದಲ ತುಂಬಾ ಕಮ್ಮಿ, ಆದರೆ ಸಂಘಗಳು ಅಷ್ಟು ದೂರ ಹೋಗುವುದು ಅಪರೂಪ. ಕೆಲವು ಸಲ ಕೇಸು ಹಾಕಿದ್ದು ದಾಖಲೆಯಲ್ಲಿರುತ್ತದೆ, ವಜಾ ಆಗಿದ್ದು ಇರುವುದಿಲ್ಲ. ಹಾಗಾಗಿ ತೀರ್ಪಿನ ನಕಲು ಕೈಯಲ್ಲಿರಲಿ. ವರದಿಯ ಪ್ರತಿಯನ್ನೂ ಕೇಳಿ. ಅಮೆರಿಕದಲ್ಲಿ ಖಾಸಗಿ ಏಜೆನ್ಸಿ ಕೊಟ್ಟ ವರದಿ ತಪ್ಪಿದ್ದರೆ ಆಕ್ಷೇಪಿಸುವ ಹಕ್ಕನ್ನು 1970ರ ಕಾಯ್ದೆಯೇ ಕೊಟ್ಟಿದೆ. ನಿಮ್ಮ ಸಹಿ ಪಡೆಯದೆ ಗುಟ್ಟಾಗಿ ಜಾಲಾಡುವ ಸಂಘವಿದ್ದರೆ, ನನ್ನನ್ನು ಕೇಳಿದರೆ ಅದಕ್ಕೆ ಸೇರಲೇಬೇಡಿ.

‘ನಿಮ್ಮ ದಾಖಲೆ ಅಳಿಸಿಕೊಡ್ತೀವಿ’ ಅಂತ ದುಡ್ಡು ಕೇಳುವ ಏಜೆಂಟರಿದ್ದಾರೆ. ಕೋರ್ಟಿನ ದಾಖಲೆ ತೆಗೆಸಲು ದಾರಿಯಿದ್ದರೆ ಅದೂ ಸಾಮಾನ್ಯವಾಗಿ ಕೋರ್ಟಿನ ಮೂಲಕವೇ. ಇವರ ಹತ್ತಿರ ಅಳಿಯುವುದು ನಿಮ್ಮ ಬ್ಯಾಂಕ್ ಬ್ಯಾಲೆನ್ಸ್ ಮಾತ್ರ.

ಪೊಲೀಸ್ ಸರ್ಟಿಫಿಕೇಟ್ ಲಗತ್ತಿಸಿದರೆ ಮನೆ ಭೇಟಿ ತಪ್ಪುತ್ತಾ?

ಇಲ್ಲ. ಸರ್ಟಿಫಿಕೇಟು ಕೊಟ್ಟ ದಿನದವರೆಗಿನ ಕತೆ ಅದು. ಮನೆಗೆ ಬರುವುದು ನಿಮ್ಮನ್ನು ನೋಡುವುದಕ್ಕೆ, ಮನೆಯವರಿಗೆ ಒಪ್ಪಿಗೆ ಇದೆಯಾ ಅಂತ ತಿಳಿಯುವುದಕ್ಕೆ.

ಯಾವ ಧರ್ಮ ಅಂತ ಪರಿಶೀಲಿಸುತ್ತಾರಾ?

ಸಾಂಪ್ರದಾಯಿಕ ಫ್ರೀಮೇಸನ್ ಲಾಡ್ಜ್‌ಗಳಲ್ಲಿ ಪರಮಶಕ್ತಿಯೊಂದರಲ್ಲಿ ನಂಬಿಕೆ ಇದೆಯಾ ಅಂತ ಕೇಳುತ್ತಾರೆ. ಯಾವ ಧರ್ಮ ಅಂತ ಸಾಮಾನ್ಯವಾಗಿ ಪರಿಶೀಲಿಸುವುದಿಲ್ಲ.

ಫೇಸ್‌ಬುಕ್ ನೋಡ್ತಾರಾ?

ನೀವು ಎಲ್ಲರಿಗೂ ಕಾಣುವಂತೆ ಹಾಕಿದ್ದನ್ನು ನೋಡದೆ ಇರಲು ನಾವೇನು ಸನ್ಯಾಸಿಗಳಾ?

ಇಲ್ಯುಮಿನಾಟಿ ಸದಸ್ಯತ್ವಕ್ಕೆ ವೆರಿಫಿಕೇಶನ್ ಶುಲ್ಕ ಕಟ್ಟಿ ಅಂತ ಮೆಸೇಜ್ ಬಂದಿದೆ. ನಿಜವೇ?

1776ರಲ್ಲಿ ಈಗಿನ ಜರ್ಮನಿಯ ಬವೇರಿಯಾದಲ್ಲಿ ಹುಟ್ಟಿದ ಆ ಗುಪ್ತ ಸಂಘವನ್ನು ಅಲ್ಲಿನ ಸರ್ಕಾರ ಹತ್ತು ವರ್ಷದೊಳಗೇ ನಿಷೇಧಿಸಿತ್ತು. ನಂಬರ್ ಬ್ಲಾಕ್ ಮಾಡಿ.

ಎಲ್ಲ ಪರಿಶೀಲನೆಯೂ ಸರಿಹೋಯಿತು, ಆದರೂ ಮತದಾನದಲ್ಲಿ ತಿರಸ್ಕರಿಸಿದರು. ಕಾರಣ ಯಾರನ್ನು ಕೇಳಲಿ?

ಯಾರನ್ನೂ ಕೇಳಬೇಡಿ. ಬಿಳಿ ಗುಂಡು, ಕರಿ ಗುಂಡು ಹಾಕುವ ಗುಪ್ತ ಮತದಾನ ಅದು. ಬಿಳಿ ಅಂದರೆ ಒಪ್ಪಿಗೆ, ಕರಿ ಅಂದರೆ ಬೇಡ. ತಿರಸ್ಕರಿಸಲು ಕೆಲವು ಕಡೆ ಒಂದೇ ಕರಿ ಗುಂಡು ಸಾಕು. ಯಾರು ಹಾಕಿದರು ಅಂತ ಸಮಿತಿಯಲ್ಲಿ ಕೂತ ನನಗೂ ಗೊತ್ತಾಗುವುದಿಲ್ಲ.