ಇಂಗ್ಲೆಂಡ್‌ನ ರೀಡಿಂಗ್ ಊರಿನ ತಂಗಿಗೆ, ಶಾಲೆಯಿಂದ ಬಂದ ಆ ಪತ್ರದ ಬಗ್ಗೆ

ತಂಗಿ, ನಿಮ್ಮ ಪ್ರಶ್ನೆ ಓದಿ ಮನಸ್ಸು ತಡೆಯಲಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಶಿವಮೊಗ್ಗದಿಂದ ರೀಡಿಂಗ್‌ಗೆ ಬಂದು ಎರಡು ತಿಂಗಳಾಯಿತು ಅಂದಿರಿ. ಮಗನಿಗೆ ಆರು ವರ್ಷ, ಇಯರ್ ಟೂ ಕ್ಲಾಸಿಗೆ ಸೇರಿಸಿಕೊಂಡಿದ್ದಾರೆ. ಕ್ಲಾಸಿನಲ್ಲಿ ಬಾಯಿ ಬಿಡುವುದಿಲ್ಲ, ಆಟದ ಹೊತ್ತಿನಲ್ಲಿ ಗೋಡೆ ಪಕ್ಕ ನಿಂತಿರುತ್ತಾನೆ. ಈಗ ವಾರಕ್ಕೊಮ್ಮೆ ಅವನನ್ನು 'ಎಲ್ಸಾ' ಹತ್ತಿರ ಕೂರಿಸುತ್ತೇವೆ, ಒಪ್ಪಿಗೆ ಇದ್ದರೆ ಸಹಿ ಹಾಕಿ ಅಂತ ಶಾಲೆಯಿಂದ ಪತ್ರ ಬಂದಿದೆ. ಮಗನಿಗೆ ತಲೆ ಸರಿಯಿಲ್ಲ ಅಂದುಕೊಂಡರಾ, ಇದು ದಾಖಲೆಯಲ್ಲಿ ಉಳಿದುಬಿಡುತ್ತಾ, 'ಮನೆಯಲ್ಲಿ ಎಲ್ಲ ಸರಿಯಾಗಿದೆಯಾ' ಅಂತ ಟೀಚರ್ ಯಾಕೆ ಕೇಳಿದರು, ಅವನನ್ನು ಅಜ್ಜಿ ಹತ್ತಿರ ವಾಪಸ್ ಕಳಿಸಿಬಿಡಲಾ ಅಂತ ನೀವು ಕೇಳಿದ್ದೀರಿ. ಜೊತೆಗೆ ಊಟದ್ದು, ಚಳಿ ಬಟ್ಟೆಯದ್ದು.

ಸಹಿ ಹಾಕಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಎಲ್ಸಾ ಅಂದರೆ ಎಮೋಷನಲ್ ಲಿಟರಸಿ ಸಪೋರ್ಟ್ ಅಸಿಸ್ಟೆಂಟ್. ಡಾಕ್ಟರ್ ಅಲ್ಲ. ಸಾಮಾನ್ಯವಾಗಿ ಅದೇ ಶಾಲೆಯ ಟೀಚಿಂಗ್ ಅಸಿಸ್ಟೆಂಟ್ ಆಗಿರುತ್ತಾರೆ. ಮಕ್ಕಳ ಮನಸ್ಸಿನ ವಿಷಯದಲ್ಲಿ ಎಜುಕೇಷನಲ್ ಸೈಕಾಲಜಿಸ್ಟ್‌ಗಳು ಅವರಿಗೆ ತರಬೇತಿ ಕೊಟ್ಟಿರುತ್ತಾರೆ, ಆಮೇಲೂ ಆಗಾಗ ಕೂರಿಸಿ ಮಾತಾಡುತ್ತಾರೆ. ಈ ಪದ್ಧತಿ ಶುರುವಾದದ್ದು ಸೌತಾಂಪ್ಟನ್‌ನಲ್ಲಿ. ಮಗುವನ್ನು ಅರ್ಧ ಮುಕ್ಕಾಲು ಗಂಟೆ ಒಂದು ಸಣ್ಣ ರೂಮಿಗೆ ಕರೆದುಕೊಂಡು ಹೋಗುತ್ತಾರೆ. ಬಣ್ಣ ಹಚ್ಚುವುದು, ಬೋರ್ಡ್ ಆಟ, ಗೊಂಬೆ, ನಡುವೆ ನಾಲ್ಕು ಮಾತು. ಹೆಚ್ಚಾಗಿ ಒಂದು ಟರ್ಮ್‌ಗೆಲ್ಲ ಮುಗಿಯುತ್ತದೆ.

ದಾಖಲೆಯ ಭಯ ಬಿಡಿ. ವಿಶೇಷ ಅಗತ್ಯದ ಮಕ್ಕಳ ಪಟ್ಟಿ, ಇಲ್ಲಿ ಎಸ್‌ಇಎನ್ ಅನ್ನುತ್ತಾರೆ, ಬೇರೆಯೇ ಇದೆ. ಎಲ್ಸಾ ಹತ್ತಿರ ಹೋದ ಮಾತ್ರಕ್ಕೆ ಆ ಪಟ್ಟಿಗೆ ಸೇರುವುದಿಲ್ಲ. ಅಂಥ ಸಹಾಯ ಶುರುಮಾಡುವುದಾದರೆ ಶಾಲೆ ನಿಮಗೆ ತಿಳಿಸಲೇಬೇಕು. ಮನೆಯ ಭಾಷೆ ಬೇರೆ ಅನ್ನುವ ಒಂದೇ ಕಾರಣಕ್ಕೆ ಮಗುವಿಗೆ ಕಲಿಕೆಯ ತೊಂದರೆ ಇದೆ ಅನ್ನುವ ಹಾಗಿಲ್ಲ, ಅದು 2014ರ ಕಾನೂನಿನಲ್ಲೇ ಇದೆ. ಪ್ರತಿ ಶಾಲೆಯಲ್ಲೂ ಇಂಥ ಮಕ್ಕಳ ವಿಷಯ ನೋಡಿಕೊಳ್ಳುವ ಸೆಂಕೋ ಅಂತ ಒಬ್ಬ ಟೀಚರ್ ಇರುತ್ತಾರೆ, ಅನುಮಾನ ಇದ್ದರೆ ಅವರನ್ನೇ ಕೇಳಿ. ವೀಸಾಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಅವನು ಮಾತಾಡದಿರುವುದಕ್ಕೆ ಜಾಸ್ತಿ ಹೆದರಬೇಡಿ. ಹೊಸ ಭಾಷೆಗೆ ಬಿದ್ದ ಮಕ್ಕಳು ಕೆಲವು ತಿಂಗಳು ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಇಲ್ಲಿನ ಟೀಚರ್‌ಗಳಿಗೆ ಅದು ಗೊತ್ತು. ಬೇಗ ಕಲಿಯಲಿ ಅಂತ ಮನೆಯಲ್ಲಿ ಇಂಗ್ಲಿಷ್ ಮಾತ್ರ ಶುರುಮಾಡಬೇಡಿ. ಇಡೀ ದಿನ ಬಾಯಿ ಕಟ್ಟಿಕೊಂಡು ಬಂದ ಮಗುವಿಗೆ ಮನೆಯಲ್ಲಾದರೂ ಕನ್ನಡದಲ್ಲಿ ಹರಟೋಕೆ ಬೇಕು ಅಲ್ವಾ.

ಈಗ ಟೀಚರ್ ಕೇಳಿದ ಪ್ರಶ್ನೆ. ನಿಮಗೆ ಅದು ಚುಚ್ಚಿದೆ, ಗೊತ್ತಾಯಿತು. ನನಗೂ ಚುಚ್ಚಿತ್ತು. ನಮ್ಮ ಕಡೆ ಮನೆ ವಿಷಯ ಶಾಲೆವರೆಗೆ ಹೋದರೆ ಮಾನ ಹೋದ ಹಾಗೆ. ಮೇಷ್ಟ್ರು ಓದಿನ ಬಗ್ಗೆ ಕೇಳಬೇಕು, ಮನೆ ಬಗ್ಗೆ ಇವರಿಗ್ಯಾಕೆ ಅನ್ನಿಸುತ್ತದೆ. ಇದರ ಬಗ್ಗೆಯೇ ನಾನು ಹೇಳಬೇಕಾದದ್ದು ಇರುವುದು.

ನಾವು ತಿಪಟೂರಿನಿಂದ ಲೀಡ್ಸ್‌ಗೆ ಬಂದಾಗ ಮಗಳಿಗೆ ನಾಲ್ಕು ವರ್ಷ. ಅಲ್ಲಿಯತನಕ ಅವಳನ್ನು ಸಾಕಿದ್ದು ನಮ್ಮ ಅತ್ತೆ. ನಾನು ಕೆಲಸಕ್ಕೆ ಹೋಗುತ್ತಿದ್ದೆ, ಅವಳಿಗೆ ಎಣ್ಣೆ ನೀರು, ತುತ್ತು, ಕಥೆ ಎಲ್ಲ ಅಜ್ಜಿಯದೇ. ಇಲ್ಲಿಗೆ ಬಂದ ಮೇಲೂ ಯಾರಾದರೂ ಊರಿಂದ ಬಂದರೆ ಅವರ ಕೈಲಿ ಕೊಬ್ಬರಿ ಕಳಿಸೋರು. ಮಗಳು ಇಯರ್ ಒನ್‌ಗೆ ಬಂದಾಗ ಅತ್ತೆ ತೀರಿಕೊಂಡರು. ಆಗ ನಮ್ಮ ವೀಸಾ ಮುಂದುವರಿಸುವ ಅರ್ಜಿ ಹೋಂ ಆಫೀಸಿನಲ್ಲಿತ್ತು, ಇಲ್ಲಿ ವೀಸಾ ನೋಡುವ ಸರ್ಕಾರಿ ಇಲಾಖೆ ಅದು. ಅರ್ಜಿ ಬಾಕಿ ಇರುವಾಗ ದೇಶ ಬಿಟ್ಟರೆ ಅರ್ಜಿಯನ್ನೇ ವಾಪಸ್ ತೆಗೆದುಕೊಂಡ ಹಾಗೆ ಲೆಕ್ಕ. ಕೆಲಸ, ಮನೆ ಎಲ್ಲ ಅದರ ಮೇಲೇ ನಿಂತಿತ್ತು. ನಮ್ಮ ಯಜಮಾನರು ಅವರಮ್ಮನ ಮಣ್ಣಿಗೆ ಹೋಗಲಿಲ್ಲ. ಫೋನ್ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತು ನೋಡಿದರು.

ಊರಲ್ಲಿ ಸಾವಿನ ಮನೆ ಹೇಗಿರುತ್ತದೆ, ನಿಮಗೆ ಗೊತ್ತೇ ಇದೆ. ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಬೀದಿಗೆಲ್ಲ ಗೊತ್ತಾಗುತ್ತದೆ. ಒಲೆ ಹಚ್ಚುವುದಿಲ್ಲ, ಪಕ್ಕದ ಮನೆಯಿಂದ ಊಟ ಬರುತ್ತದೆ. ಮಕ್ಕಳನ್ನು ಯಾರೋ ಚಿಕ್ಕಮ್ಮ ಎತ್ತಿಕೊಂಡು ಹೋಗಿ ಉಣ್ಣಿಸುತ್ತಾಳೆ. ದೊಡ್ಡವರು ಬಾಯಿಬಿಟ್ಟು ಅಳುವುದನ್ನು ಮಕ್ಕಳು ನೋಡುತ್ತಾರೆ, ತಾವೂ ಅಳುತ್ತಾರೆ. ಲೀಡ್ಸ್‌ನಲ್ಲಿ ನಮ್ಮ ಬೀದಿಯಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಮಾರನೇ ದಿನ ಮಗಳನ್ನು ಯೂನಿಫಾರ್ಮ್ ಹಾಕಿ ಶಾಲೆಗೆ ಬಿಟ್ಟು ಬಂದೆವು. ಅವಳು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಚಿಕ್ಕವಳು, ಅರ್ಥವಾಗಿಲ್ಲ ಅಂದುಕೊಂಡೆವು.

ಕೆಲವು ದಿನ ಕಳೆದ ಮೇಲೆ ಗೇಟಿನ ಹತ್ತಿರ ಟೀಚರ್ ನಿಲ್ಲಿಸಿದರು. 'ಮಧ್ಯಾಹ್ನ ಅರ್ಧ ಚಪಾತಿ ತಿಂದು ಉಳಿದ ಅರ್ಧವನ್ನು ಹಾಗೇ ಸುತ್ತಿ ಡಬ್ಬಿಗೆ ಇಡುತ್ತಾಳೆ, ದಿನಾ ಹೀಗೇ, ಮನೆಯಲ್ಲಿ ಎಲ್ಲ ಸರಿಯಾಗಿದೆಯಾ' ಅಂದರು. ನೀವು ಕೇಳಿಸಿಕೊಂಡ ಅದೇ ಪ್ರಶ್ನೆ. ಅತ್ತೆ ಹೋದ ಸುದ್ದಿಯನ್ನು ನಾನು ಈ ದೇಶದಲ್ಲಿ ಮೊದಲು ಬಾಯಿಬಿಟ್ಟು ಹೇಳಿದ್ದು ಆ ಗೇಟಿನ ಹತ್ತಿರ, ಆ ಟೀಚರ್‌ಗೆ.

ಅವರೇ ಎಲ್ಸಾ ಹತ್ತಿರ ಕಳಿಸಿದ್ದು. ಮನೆಯವರನ್ನು ಕಳೆದುಕೊಂಡ ಮಕ್ಕಳಿಗೆ ಇಲ್ಲಿ ಮೆಮೊರಿ ಬಾಕ್ಸ್ ಮಾಡಿಸುತ್ತಾರೆ. ಒಂದು ಶೂ ಡಬ್ಬಿ, ಅದರೊಳಗೆ ಹೋದವರನ್ನು ನೆನಪಿಸುವ ಸಾಮಾನು. 1992ರಲ್ಲಿ ಶುರುವಾದ ವಿನ್‌ಸ್ಟನ್ಸ್ ವಿಶ್ ಅನ್ನುವ ಸಂಸ್ಥೆ ಇಂಥ ಮಕ್ಕಳಿಗಾಗಿಯೇ ಇದೆ, ಅವರೂ ಇದನ್ನು ಮಾಡಿಸುತ್ತಾರೆ. ಮಗಳು ಡಬ್ಬಕ್ಕೆ ಬೇಕು ಅಂತ ಕೇಳಿದ್ದು ಕೊಬ್ಬರಿ. ಅತ್ತೆ ಕಳಿಸಿದ್ದರಲ್ಲಿ ಉಳಿದಿದ್ದ ಒಂದು ಬಟ್ಟಲು ಕೊಟ್ಟು ಕಳಿಸಿದೆ. ಆ ಎಲ್ಸಾ ಮಿಸ್ ಅದನ್ನು ಮೂಸಿ ನೋಡಿ, ಇದೇನು, ಹೇಗೆ ತಿನ್ನುತ್ತಾರೆ ಅಂತ ಕೇಳಿದರಂತೆ. ಅಜ್ಜಿ ಅದನ್ನು ಬೆಲ್ಲದ ಜೊತೆ ಕೈಗೆ ಹೇಗೆ ಕೊಡೋರು ಅಂತ ಹೇಳುತ್ತಾ ಹೇಳುತ್ತಾ ಮಗಳು ಅತ್ತುಬಿಟ್ಟಳಂತೆ. ಇಷ್ಟು ದಿನ ಯಾಕೆ ಅಳಲಿಲ್ಲ ಅಂದದ್ದಕ್ಕೆ, 'ನಾನು ಅತ್ತರೆ ಅಪ್ಪ ಅಳುತ್ತಾರೆ' ಅಂದಳಂತೆ.

ಐದು ವರ್ಷದ ಮಗು ನಮ್ಮನ್ನು ಕಾಪಾಡೋಕೆ ಸುಮ್ಮನಿತ್ತು. ಅಜ್ಜಿಗಾಗಿ ಅವಳು ಮೊದಲು ಅತ್ತದ್ದು ನನ್ನ ಮಡಿಲಲ್ಲಿ ಅಲ್ಲ, ಶಾಲೆಯ ಒಂದು ರೂಮಿನಲ್ಲಿ, ಅಜ್ಜಿಯ ಮುಖವನ್ನೇ ನೋಡದ ಒಬ್ಬ ಹೆಂಗಸಿನ ಮುಂದೆ. ಆ ಹೆಂಗಸಿಗೆ ನಾನು ಇವತ್ತಿಗೂ ಋಣಿ. ಆದರೂ ಆ ಸಂಕಟ ಹೋಗಿಲ್ಲ ತಂಗಿ, ಹೋಗುವುದೂ ಇಲ್ಲ ಅನ್ನಿಸುತ್ತದೆ.

ಅದಕ್ಕೇ ಹೇಳುತ್ತೇನೆ. ಊರಲ್ಲಿ ಕಷ್ಟ ತಾನಾಗಿ ಗೊತ್ತಾಗುತ್ತದೆ, ಇಲ್ಲಿ ಹೇಳಿದರೆ ಮಾತ್ರ ಗೊತ್ತಾಗುವುದು. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವಾ, ಯಜಮಾನರ ಕೆಲಸಕ್ಕೆ ತೊಂದರೆಯಾ, ಮನೆ ಬದಲಾಯಿಸುತ್ತಿದ್ದೀರಾ, ಶಾಲೆಗೆ ಎರಡು ಸಾಲು ಇಮೇಲ್ ಹಾಕಿ. ಮಗನಿಗೆ 'ಮನೆ ಮಾತು ಶಾಲೆಯಲ್ಲಿ ಆಡಬೇಡ' ಅಂತ ಯಾವತ್ತೂ ಹೇಳಬೇಡಿ. ಆ ಮಾತು ಕೇಳಿದ ಮಗು, ನಾಳೆ ಯಾರಾದರೂ ಅವನನ್ನು ಹೊಡೆದರೂ ಗೋಳುಹೊಯ್ದುಕೊಂಡರೂ ಅದನ್ನೂ ಹೇಳುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ. ಮಗು ಹೇಳಿದ್ದನ್ನು ಗುಟ್ಟಾಗಿಡುತ್ತೇನೆ ಅಂತ ಇಲ್ಲಿ ಯಾವ ಟೀಚರೂ ಮಾತು ಕೊಡುವ ಹಾಗಿಲ್ಲ. ಮಗುವಿಗೆ ಅಪಾಯ ಇದೆ ಅನ್ನಿಸಿದರೆ ಶಾಲೆಯಲ್ಲಿ ಸೇಫ್‌ಗಾರ್ಡಿಂಗ್, ಅಂದರೆ ಮಕ್ಕಳ ರಕ್ಷಣೆ, ನೋಡಿಕೊಳ್ಳುವವರಿಗೆ ತಿಳಿಸಲೇಬೇಕು. ನಮ್ಮಲ್ಲಿ ಸಿಟ್ಟು ಬಂದರೆ ಎರಡು ಬಿಗಿಯುವುದು ಸಾಮಾನ್ಯ, ಇಲ್ಲಿ ಅದನ್ನು ಪೂರ್ತಿ ಬಿಟ್ಟುಬಿಡಿ. ಸ್ಕಾಟ್ಲೆಂಡ್‌ನಲ್ಲಿ 2020ರಿಂದ, ವೇಲ್ಸ್‌ನಲ್ಲಿ 2022ರಿಂದ ತಂದೆತಾಯಿ ಹೊಡೆಯುವುದೇ ಕಾನೂನಿಗೆ ವಿರುದ್ಧ. ಇಂಗ್ಲೆಂಡ್‌ನಲ್ಲಿ ಅಷ್ಟು ಬಿಗಿ ಇಲ್ಲ, ಆದರೆ ಗುರುತು ಬೀಳುವಂತೆ ಹೊಡೆದರೆ ಇಲ್ಲೂ ಅಪರಾಧವೇ.

ಎಲ್ಲ ಶಾಲೆಯಲ್ಲೂ ಒಂದೇ ಥರ ಇರುವುದಿಲ್ಲ. ಕೆಲವು ಕಡೆ ನರ್ಚರ್ ಗ್ರೂಪ್ ಇರುತ್ತದೆ. 1969ರಲ್ಲಿ ಲಂಡನ್ನಿನ ಹ್ಯಾಕ್ನಿಯಲ್ಲಿ ಮಾರ್ಜರಿ ಬಾಕ್ಸಾಲ್ ಅನ್ನುವ ಸೈಕಾಲಜಿಸ್ಟ್ ಶುರುಮಾಡಿದ್ದು. ಹತ್ತು ಹನ್ನೆರಡು ಮಕ್ಕಳು, ಇಬ್ಬರು ದೊಡ್ಡವರು, ಮನೆಯ ಹಾಗೆ ಸಜ್ಜು ಮಾಡಿದ ರೂಮು. ಒಂದೇ ಟೇಬಲ್ ಸುತ್ತ ಕೂತು ಟೋಸ್ಟ್ ತಿನ್ನುತ್ತಾರೆ, ಒಬ್ಬರಿಗೊಬ್ಬರು ಬಡಿಸುತ್ತಾರೆ. ಮೊದಲ ಸಲ ನೋಡಿದಾಗ ನನಗೆ ನಮ್ಮ ಹಟ್ಟಿಯಲ್ಲಿ ಸಾಲಾಗಿ ಕೂತು ಉಣ್ಣುತ್ತಿದ್ದ ಮಕ್ಕಳೇ ನೆನಪಾದರು. ಕೆಲವು ಕಡೆ ವರಿ ಬಾಕ್ಸ್ ಇರುತ್ತದೆ, ಚಿಂತೆ ಬರೆದು ಹಾಕುವ ಡಬ್ಬ. ಗೋಡೆ ಮೇಲೆ ಬಣ್ಣದ ಚಾರ್ಟ್ ಇರುತ್ತದೆ. ನೀಲಿ ಅಂದರೆ ಬೇಜಾರು, ಹಸಿರು ಅಂದರೆ ಸಮಾಧಾನ, ಹಳದಿ ಅಂದರೆ ಕಳವಳ, ಕೆಂಪು ಅಂದರೆ ಸಿಟ್ಟು. ಮಾತು ಬಾರದ ಮಗುವೂ ಬೆರಳಿಟ್ಟು ತೋರಿಸಬಹುದು. ನಿಮ್ಮ ಮಗನಿಗೆ ಇದು ಒಳ್ಳೆಯದು.

ಇದರಲ್ಲೇ ಎಲ್ಲ ಸರಿಹೋಗುತ್ತದೆ ಅಂತಲೂ ನಂಬಬೇಡಿ. ವಾರಕ್ಕೆ ಅರ್ಧ ಮುಕ್ಕಾಲು ಗಂಟೆ, ಅಷ್ಟೇ. ಸಮಸ್ಯೆ ದೊಡ್ಡದಾದರೆ ಎನ್‌ಎಚ್‌ಎಸ್ ಅನ್ನುವ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಮಕ್ಕಳ ಮನಸ್ಸಿನ ಚಿಕಿತ್ಸೆ ನೋಡುವ ಕ್ಯಾಮ್ಸ್‌ಗೆ ಕಳಿಸುತ್ತಾರೆ, ಅಲ್ಲಿ ಕಾಯುವುದು ತುಂಬಾ. ಆದರೆ ನನ್ನ ಮಗಳು ಇಯರ್ ಸಿಕ್ಸ್‌ನಲ್ಲಿ ಹಳದಿ ಟೋಪಿ ಹಾಕಿಕೊಂಡು ಪ್ಲೇಗ್ರೌಂಡ್ ಬಡ್ಡಿ, ಅಂದರೆ ಆಟದ ಬಯಲಿನ ಗೆಳತಿ, ಆದಳು. ಬೆಂಚಿನ ಮೇಲೆ ಒಬ್ಬರೇ ಕೂತ ಪುಟ್ಟ ಮಕ್ಕಳ ಹತ್ತಿರ ಹೋಗಿ ಕೂರುವುದು ಅವಳ ಕೆಲಸ. ಆ ಟೋಪಿಯಲ್ಲಿ ಅವಳನ್ನು ನೋಡಿದ ದಿನ ನನಗೆ ಆದ ಹೆಮ್ಮೆ ಅವಳ ಯಾವ ಮಾರ್ಕ್ಸ್ ಕಾರ್ಡಿಗೂ ಆಗಿಲ್ಲ.

ಊಟಕ್ಕೆ ಯೋಚನೆ ಬೇಡ, ಸರ್ಕಾರಿ ಶಾಲೆಯಲ್ಲಿ ಇಯರ್ ಟೂ ತನಕ ಎಲ್ಲ ಮಕ್ಕಳಿಗೂ ಉಚಿತ. ವೆಜಿಟೇರಿಯನ್ ಅಂತ ಫಾರ್ಮ್‌ನಲ್ಲಿ ಬರೆಯಿರಿ. ಕೋಟಿಗೆ ಹೆಸರು ಹೊಲಿಯಿರಿ, ಇಲ್ಲದಿದ್ದರೆ ಕಳೆದುಹೋಗುತ್ತದೆ. ಅವನ ಹೆಸರನ್ನು ಸರಿಯಾಗಿ ಹೇಳುವುದು ಹೇಗೆ ಅಂತ ಟೀಚರ್‌ಗೆ ನೀವೇ ಒಂದು ಸಲ ಹೇಳಿಕೊಡಿ, ಬೇಜಾರು ಮಾಡಿಕೊಳ್ಳುವುದಿಲ್ಲ.

ವಾಪಸ್ ಕಳಿಸುವ ಮಾತನ್ನು ಜನವರಿಯಲ್ಲಿ ತೀರ್ಮಾನ ಮಾಡಬೇಡಿ. ನಾಲ್ಕೂವರೆಗೆಲ್ಲ ಕತ್ತಲಾಗುವ ತಿಂಗಳಲ್ಲಿ ಎಲ್ಲರಿಗೂ ಊರಿಗೆ ಓಡಿಹೋಗಬೇಕು ಅನ್ನಿಸುತ್ತದೆ. ಜುಲೈ ಕೊನೆಗೆ ಆರು ವಾರ ರಜೆ ಬರುತ್ತದೆ. ನಡುವೆ ಟರ್ಮ್‌ನಲ್ಲಿ ಕರೆದುಕೊಂಡು ಹೋದರೆ, ಐದು ದಿನ ತಪ್ಪಿಸಿದರೂ ತಾಯಿಗೆ 80 ಪೌಂಡ್, ತಂದೆಗೆ 80 ಪೌಂಡ್ ದಂಡ ಬೀಳಬಹುದು. ಟಿಕೆಟ್ ಈಗಲೇ ನೋಡಿ, ಆಮೇಲೆ ದರ ಕೈಗೆ ಸಿಗುವುದಿಲ್ಲ. ಬುಕ್ ಮಾಡುವ ಮುಂಚೆ ವೀಸಾ ಅರ್ಜಿ ಯಾವುದಾದರೂ ಆ ತಿಂಗಳಿಗೆ ಬೀಳುತ್ತದಾ ಅಂತ ಯಜಮಾನರ ಕೈಲಿ ಕೇಳಿಸಿ. ಅವನೊಬ್ಬನನ್ನೇ ಅಲ್ಲ, ಮೂವರೂ ಹೋಗಿ, ಅಜ್ಜಿ ಹತ್ತಿರ ಆರೂ ವಾರ ಇದ್ದು ಬನ್ನಿ.